ಫೆರಾರಿಗೆ ಹಿಂಬಾಗಿಲು, ಆರ್‌ಎಕ್ಸ್ ನೂರಕ್ಕೆ ಗುಜರಿ

'ಪೆಟ್ರೋಲ್ ಕಾರಿಗೆ ಯುರೋಪ್ ಗುಡ್‌ಬೈ', 'ಇನ್ನು ಸ್ಪೋರ್ಟ್ಸ್ ಕಾರುಗಳ ಗರ್ಜನೆ ಇಲ್ಲ'. 2023ರ ಮಾರ್ಚ್ ಹೊತ್ತಿಗೆ ಇಂಥ ಹೆಡ್ಡಿಂಗುಗಳನ್ನು ನೀವು ಓದಿರುತ್ತೀರಿ. ಬರೆದವರು ನಮ್ಮಂಥವರೇ. ಹಳ್ಳಿಯಿಂದ ಬಂದು, ಪತ್ರಿಕೋದ್ಯಮದ ಡಿಗ್ರಿ ಹಿಡಿದು, ರಾತ್ರಿ ಪಾಳಿಯ ಡೆಸ್ಕಿನಲ್ಲಿ ಕೂತು ಏಜೆನ್ಸಿ ಸುದ್ದಿಯನ್ನು ಇಪ್ಪತ್ತು ನಿಮಿಷದಲ್ಲಿ ಕನ್ನಡಕ್ಕಿಳಿಸುವವರು. ಜಾಗ ಸಾಲದಿದ್ದರೆ ಕೊನೆಯ ಪ್ಯಾರಾಕ್ಕೆ ಕತ್ತರಿ. ಈ ಸುದ್ದಿಯಲ್ಲಿ ಮುಖ್ಯವಾದ ವಿಷಯ ಇದ್ದದ್ದೇ ಆ ಕೊನೆಯ ಪ್ಯಾರಾದಲ್ಲಿ. ಅದನ್ನು ಈಗಲಾದರೂ ಹೇಳಿಬಿಡೋಣ.

ಐರೋಪ್ಯ ಒಕ್ಕೂಟ ಆಗ ಪಾಸು ಮಾಡಿದ ಕಾನೂನಿನ ಪ್ರಕಾರ 2035ರಿಂದ ಹೊಸ ಕಾರುಗಳ ಸೈಲೆನ್ಸರ್‌ನಿಂದ ಇಂಗಾಲದ ಡೈಆಕ್ಸೈಡ್ ಹೊರಬರುವಂತಿಲ್ಲ. ಅಂದರೆ ಪೆಟ್ರೋಲ್, ಡೀಸೆಲ್ ಕಾರುಗಳ ಮಾರಾಟ ಬಂದ್. ಕೊನೆಯ ಪ್ಯಾರಾ ಹೇಳುತ್ತಿದ್ದದ್ದು ಇದು: ವರ್ಷಕ್ಕೆ ಒಕ್ಕೂಟದಲ್ಲಿ 1,000ಕ್ಕಿಂತ ಕಡಿಮೆ ಕಾರು ನೋಂದಣಿಯಾಗುವ ಕಂಪನಿಗೆ ಈ ಗುರಿ ಅನ್ವಯಿಸುವುದಿಲ್ಲ. 1,000ದಿಂದ 10,000ದವರೆಗೆ ನೋಂದಣಿಯಾಗುವ ಕಂಪನಿಗಳು 2035ರ ಕೊನೆಯವರೆಗೂ ತಮಗೆ ತಕ್ಕ ಬೇರೆ ಗುರಿ ಕೇಳಿ ಪಡೆಯಬಹುದು.

ಇದಕ್ಕೆ ಅಲ್ಲಿನ ಪತ್ರಕರ್ತರು ಇಟ್ಟ ಅಡ್ಡಹೆಸರು 'ಫೆರಾರಿ ತಿದ್ದುಪಡಿ'. 2024ರಲ್ಲಿ ಫೆರಾರಿ ಇಡೀ ಜಗತ್ತಿಗೆ ಮಾರಿದ್ದು 13,752 ಕಾರು. ಅದರಲ್ಲಿ ಒಕ್ಕೂಟದೊಳಗೆ ಉಳಿಯುವುದು ಹತ್ತು ಸಾವಿರಕ್ಕಿಂತ ಎಷ್ಟೋ ಕಡಿಮೆ. ಕೆಲವೇ ಡಜನ್ ಕಾರು ಮಾಡಿ ಒಂದೊಂದನ್ನು ಹತ್ತಾರು ಕೋಟಿ ರೂಪಾಯಿಗೆ ಮಾರುವ ಪಗಾನಿಯಂಥ ಕಂಪನಿಗಂತೂ ಗಡುವೇ ಇಲ್ಲ. ಎಷ್ಟು ದುಬಾರಿಯೋ ಅಷ್ಟು ಕಡಿಮೆ ಮಾರಾಟ, ಎಷ್ಟು ಕಡಿಮೆ ಮಾರಾಟವೋ ಅಷ್ಟು ಸಡಿಲ ಕಾನೂನು. ಸಿರಿವಂತರ ಕಾರು ಎಂದು ಎಲ್ಲೂ ಬರೆಯದೆ ಸಿರಿವಂತರ ಕಾರನ್ನು ಉಳಿಸುವ ಉಪಾಯ ಇದು.

ಹಾಗಾದರೆ ಈ ನಿಯಮಗಳಿಂದ ಏಟು ತಿಂದವರು ಯಾರು? ಲೆಕ್ಕ ನೋಡಿ. ಒಂದು ಕಂಪನಿಯ ಕಾರುಗಳ ಸರಾಸರಿ ಮಿತಿ ಮೀರಿದರೆ, ಕಿಲೋಮೀಟರಿಗೆ ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. 25 ಗ್ರಾಂ ಮೀರಿದರೆ ಕಾರಿಗೆ 2,375 ಯೂರೋ. 25 ಸಾವಿರ ಯೂರೋದ ಕಾರಿನಲ್ಲಿ ಈ ಮೊತ್ತ ಲಾಭವನ್ನೆಲ್ಲ ನುಂಗುತ್ತದೆ. ಮೂರು ಲಕ್ಷ ಯೂರೋದ ಕಾರಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಫ್ರಾನ್ಸಿನಲ್ಲಿ 2024ರಲ್ಲಿ ಕಿಲೋಮೀಟರಿಗೆ 193 ಗ್ರಾಂ ದಾಟಿದ ಹೊಸ ಕಾರಿಗೆ 60,000 ಯೂರೋ ತೆರಿಗೆ. ಮೂವತ್ತೈದು ಸಾವಿರದ ಕಾರಿಗೂ ಅಷ್ಟೇ, ನಾಲ್ಕು ಲಕ್ಷದ ಕಾರಿಗೂ ಅಷ್ಟೇ. ಮೊದಲನೆಯದನ್ನು ಯಾರು ಕೊಳ್ಳುತ್ತಾರೆ?

ಹೀಗಾಗಿ ಸಂಬಳದವನು ಸಾಲ ಮಾಡಿಯಾದರೂ ಕೊಳ್ಳಬಹುದಾಗಿದ್ದ ಚುರುಕು ಪೆಟ್ರೋಲ್ ಕಾರುಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. 2023ರಲ್ಲಿ ಫೋರ್ಡ್ ಫಿಯೆಸ್ಟಾ ನಿಂತಿತು, ಜೊತೆಗೆ ಅದರ ಎಸ್‌ಟಿಯೂ ಹೋಯಿತು. 2024ರಲ್ಲಿ ಹ್ಯುಂಡೈ ಐ20 ಎನ್ ಯುರೋಪಿನಿಂದ ಹೊರನಡೆಯಿತು. ಸ್ಪೋರ್ಟ್ಸ್ ಕಾರೇ ಅಲ್ಲದ ಸುಜುಕಿ ಜಿಮ್ನಿ ಕೂಡ ಕಂಪನಿಯ ಸರಾಸರಿ ಕೆಡಿಸುತ್ತದೆಂದು 2020ರಲ್ಲಿ ಅಲ್ಲಿಂದ ಹೊರಬಿತ್ತು. ಆಮೇಲೆ ಹಿಂದಿನ ಸೀಟು ಕಿತ್ತು, ಸರಕು ಸಾಗಿಸುವ ಗಾಡಿ ಎಂಬ ಹೆಸರಿನಲ್ಲಿ ವಾಪಸ್ ಬಂತು. ಎಲ್ಲವನ್ನೂ ಹೊಗೆ ನಿಯಮದ ತಲೆಗೇ ಕಟ್ಟುವುದು ತಪ್ಪು, ಒಪ್ಪುತ್ತೇವೆ. ಪೆಟ್ರೋಲಿನ ಪೋರ್ಷೆ 718 ಅಲ್ಲಿ 2024ರಲ್ಲಿ ನಿಂತದ್ದು ಸೈಬರ್ ಸುರಕ್ಷತೆಯ ನಿಯಮದಿಂದ. ಆದರೆ ಒಟ್ಟು ದಿಕ್ಕು ಯಾವ ಕಡೆ ಎನ್ನುವುದರಲ್ಲಿ ಅನುಮಾನವಿಲ್ಲ.

ದುಡ್ಡಿದ್ದವರ ಕಾರು ಏನಾಯಿತು? ಲ್ಯಾಂಬೊರ್ಗಿನಿ ತನ್ನ 12 ಸಿಲಿಂಡರ್ ಎಂಜಿನ್ ಬಿಡಲಿಲ್ಲ. 2023ರ ರೆವುಯೆಲ್ಟೋದಲ್ಲಿ ಅದರ ಜೊತೆಗೆ ಮೂರು ಎಲೆಕ್ಟ್ರಿಕ್ ಮೋಟರು ಕೂರಿಸಿ, ಸಾವಿರಕ್ಕೂ ಹೆಚ್ಚು ಕುದುರೆ ಶಕ್ತಿ ಮಾಡಿಕೊಂಡಿತು. ಇಂಥ ಪ್ಲಗ್-ಇನ್ ಹೈಬ್ರಿಡ್ ಕಾರುಗಳು ಪರೀಕ್ಷೆಯ ಕಾಗದದಲ್ಲಿ ಬಹಳ ಸಾಧುಗಳು. ರಸ್ತೆಯ ಮೇಲೆ ಇವು ಕಾಗದದ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಇಂಗಾಲ ಉಗುಳುತ್ತವೆ ಎಂದು 2024ರಲ್ಲಿ ವರದಿ ಕೊಟ್ಟದ್ದು ಐರೋಪ್ಯ ಆಯೋಗವೇ.

ಎರಡನೇ ಹಿಂಬಾಗಿಲು ಜರ್ಮನಿ ತೆರೆಸಿದ್ದು. ಎಲ್ಲ ಮಾತುಕತೆ ಮುಗಿದು ಇನ್ನೇನು ಮತ ಹಾಕಬೇಕು ಎನ್ನುವಾಗ ಅಲ್ಲಿನ ಸಾರಿಗೆ ಸಚಿವ ಫೋಲ್ಕರ್ ವಿಸ್ಸಿಂಗ್ ಅಡ್ಡ ಕೂತರು. ಇ-ಫ್ಯೂಯೆಲ್, ಅಂದರೆ ಕರೆಂಟಿನಿಂದ ಜಲಜನಕ ಮಾಡಿ, ಅದಕ್ಕೆ ಇಂಗಾಲ ಸೇರಿಸಿ ತಯಾರಿಸುವ ಕೃತಕ ಪೆಟ್ರೋಲು ಮಾತ್ರ ಬಳಸುವ ಕಾರಿಗೆ 2035ರ ನಂತರವೂ ಜಾಗ ಇರಬೇಕು ಎಂದು ಪಟ್ಟು ಹಿಡಿದು ಮಾತು ಪಡೆದರು. ಕೇಳಲು ಚೆನ್ನಾಗಿದೆ. ಆದರೆ ಪೋರ್ಷೆ ಹಣ ಹಾಕಿದ, ಚಿಲಿ ದೇಶದ ದಕ್ಷಿಣ ತುದಿಯ ಹಾರು ಓನಿ ಘಟಕ 2022ರ ಡಿಸೆಂಬರಿನಲ್ಲಿ ಶುರುವಾದಾಗ ಇಟ್ಟುಕೊಂಡ ಗುರಿ ವರ್ಷಕ್ಕೆ 1.3 ಲಕ್ಷ ಲೀಟರ್. ಹತ್ತು ಕಿಲೋಮೀಟರಿಗೆ ಒಂದು ಲೀಟರ್ ಕುಡಿಯುವ ಕಾರು ವರ್ಷಕ್ಕೆ 15 ಸಾವಿರ ಕಿ.ಮೀ. ಓಡಿದರೆ ಇದು ತೊಂಬತ್ತು ಕಾರಿಗೂ ಸಾಲದು. ಅದೇ ಕರೆಂಟನ್ನು ನೇರ ಬ್ಯಾಟರಿಗೆ ತುಂಬಿದರೆ ಗಾಡಿ ನಾಲ್ಕೈದು ಪಟ್ಟು ದೂರ ಹೋಗುತ್ತದೆ. ಬ್ಯಾಟರಿಯಿಂದ ಹಾರಲಾಗದ ದೊಡ್ಡ ವಿಮಾನಕ್ಕೆ ಸಲ್ಲಬೇಕಾದ ಇಂಧನವನ್ನು ಭಾನುವಾರದ ಶೋಕಿಗೆ ಸುಡುವುದಕ್ಕೆ ಹಸಿರು ಎಂಬ ಹೆಸರು ಬೇರೆ.

ಸರಿ, ಯುರೋಪಿನ ಕಾರು ಕಟ್ಟಿಕೊಂಡು ನಿಮಗೇನಾಗಬೇಕು ಅಂತೀರಾ?

ನಮ್ಮೂರುಗಳಲ್ಲಿ ಸ್ಪೋರ್ಟ್ಸ್ ಕಾರು ಇರಲಿಲ್ಲ. ಯಮಹಾ ಆರ್‌ಎಕ್ಸ್ 100 ಇತ್ತು. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಹನ್ನೊಂದು ಕುದುರೆ ಶಕ್ತಿ. ಕೆರೆ ಏರಿ ಮೇಲೆ ಬರುವಾಗಲೇ ಸದ್ದು ಕೇಳಿ ಯಾರ ಗಾಡಿ ಎಂದು ಹೇಳುತ್ತಿದ್ದರು. ಹೊಗೆ ನಿಯಮಗಳು ಬಿಗಿಯಾಗುತ್ತಿದ್ದ 1996ರಲ್ಲಿ ಅದರ ತಯಾರಿಕೆ ನಿಂತಿತು. ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕೂಡ ಅದೇ ವರ್ಷ ಬಾಗಿಲು ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಟೂ ಸ್ಟ್ರೋಕ್ ಹೋದದ್ದು ಅನ್ಯಾಯ ಎಂದು ನಾವು ಹೇಳುತ್ತಿಲ್ಲ. ಪೆಟ್ರೋಲಿನ ಜೊತೆ ಆಯಿಲ್ ಸುಟ್ಟು, ಅರೆಬರೆ ಉರಿದ ಪೆಟ್ರೋಲನ್ನೂ ಹೊರಗೆ ಬಿಡುತ್ತಿದ್ದ ಎಂಜಿನ್ ಅದು. ಹಿಂದೆ ಕೂತವರ ಶ್ವಾಸಕೋಶಕ್ಕೆ ಗೊತ್ತು. ಆದರೆ ಅವತ್ತು ಆರ್‌ಎಕ್ಸ್ ಪರವಾಗಿ ಯಾವ ಮಂತ್ರಿಯೂ ಅಡ್ಡ ಕೂರಲಿಲ್ಲ, ಯಾವ ತಿದ್ದುಪಡಿಗೂ ಅದರ ಹೆಸರು ಬರಲಿಲ್ಲ.

2020ರ ಏಪ್ರಿಲ್ ಒಂದರಂದು ದೇಶ ಬಿಎಸ್4ರಿಂದ ನೇರ ಬಿಎಸ್6ಕ್ಕೆ ಜಿಗಿಯಿತು. ಇದು ಇಂಗಾಲದ ನಿಯಮವಲ್ಲ, ವಿಷದ ಹೊಗೆಯ ನಿಯಮ, ಯುರೋಪಿನ ಮಾದರಿಯಲ್ಲೇ ಬಂದದ್ದು. ನಮ್ಮ ಗಾಳಿಗೆ ಅದು ಬೇಕಿತ್ತು. ಆದರೆ ಬೈಕಿನ ಬೆಲೆ ಏರಿತು, ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ನಮ್ಮಲ್ಲೊಬ್ಬರ ಊರಿನ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: 'ಸ್ಕ್ಯಾನರ್ ಇಲ್ದೆ ಕೈ ಹಾಕಂಗಿಲ್ಲ, ಸ್ಕ್ಯಾನರ್ ತರಕ್ಕೆ ದುಡ್ಡಿಲ್ಲ ಕಣಣ್ಣ.' ಅವರಿಗೆ 2035ರ ಕೊನೆಯವರೆಗೆ ಟೈಮ್ ತಗೊಳ್ಳಿ ಎಂದವರು ಯಾರೂ ಇರಲಿಲ್ಲ.

ವಿನಾಯಿತಿಯ ಪರವಾಗಿ ಹೇಳುವ ಮಾತುಗಳೂ ಇವೆ. ಸಾವಿರ ಕಾರಿನಿಂದ ಭೂಮಿ ಬಿಸಿಯಾಗುವುದಿಲ್ಲ ಎನ್ನುತ್ತಾರೆ. ನಿಜವೇ. ಮಾರನೆಲ್ಲೋ, ಮೊಡೆನಾ ಕಡೆಯ ಕುಶಲ ಕಾರ್ಮಿಕರ ಹೊಟ್ಟೆಪಾಡು ಎನ್ನುತ್ತಾರೆ. ಅದೂ ನಿಜ, ಅವರ ಬಗ್ಗೆ ನಮಗೆ ಗೌರವವಿದೆ. ಆದರೆ ಹೊಟ್ಟೆಪಾಡು ನಮ್ಮ ಮೆಕ್ಯಾನಿಕ್‌ಗೂ ಇತ್ತಲ್ಲ? ಒಬ್ಬನ ಒಂದು ಬೈಕಿನಿಂದಲೂ ಭೂಮಿ ಬಿಸಿಯಾಗುವುದಿಲ್ಲವಲ್ಲ? 'ನಂದು ಸ್ವಲ್ಪವೇ' ಎನ್ನುವ ವಾದ ದುಡ್ಡಿದ್ದವರ ಬಾಯಲ್ಲಿ ಮಾತ್ರ ಕಾನೂನಾಗುತ್ತದೆ.

2025ರ ಡಿಸೆಂಬರಿನಲ್ಲಿ ಐರೋಪ್ಯ ಆಯೋಗ 2035ರ ನೂರು ಶೇಕಡಾ ಗುರಿಯನ್ನೇ ತೊಂಬತ್ತಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟಿತು. ಹಿಂಬಾಗಿಲು ಇನ್ನಷ್ಟು ಅಗಲವಾಗುತ್ತಿದೆ. ಉಳಿದ ಆ ಹತ್ತು ಶೇಕಡಾ ಜಾಗದಲ್ಲಿ ಅಗ್ಗದ ಕಾರು ಬರುತ್ತದೋ, ಹೆಚ್ಚು ಲಾಭದ ಕಾರು ಬರುತ್ತದೋ, ನೀವೇ ಊಹಿಸಿ.

ನಮ್ಮಲ್ಲೂ ಇದೇ ಚರ್ಚೆ ನಡೆದಿದೆ. ಕಾರು ಕಂಪನಿಗಳ ಸರಾಸರಿ ಇಂಗಾಲಕ್ಕೆ ಮಿತಿ ಹಾಕುವ ಕೆಫೆ ನಿಯಮದ ಮೂರನೇ ಹಂತ 2027ರ ಏಪ್ರಿಲ್‌ನಿಂದ ಬರಬೇಕು. ಸಣ್ಣ ಕಾರಿಗೆ ರಿಯಾಯಿತಿ ಕೊಡಿ ಎಂದು ಒಂದು ಬಣ, ಕೊಡಬೇಡಿ ಎಂದು ಇನ್ನೊಂದು ಬಣ. ಈ ನಿಯಮದಲ್ಲಿ ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಮಿತಿ ಸಡಿಲ ಎನ್ನುವುದನ್ನು ಮಾತ್ರ ಯಾವ ಚಾನೆಲ್ಲೂ ಕೂಗಿ ಹೇಳುತ್ತಿಲ್ಲ. ದಪ್ಪ ಕಾರಿಗೆ ದಪ್ಪ ಪಾಲು.

ನಾವು ಹೊಗೆ ನಿಯಮದ ವಿರೋಧಿಗಳಲ್ಲ. ಇನ್ನೂ ಬಿಗಿಯಾಗಲಿ. ದಂಡ ಗ್ರಾಮಿನ ಲೆಕ್ಕದ ಜೊತೆ ಕಾರಿನ ಬೆಲೆಯನ್ನೂ ನೋಡಲಿ. ವಿನಾಯಿತಿ ಕೊಡುವುದೇ ಆದರೆ ಮೊದಲು ಕೆಳಗಿನವರಿಗೆ ಸಿಗಲಿ, ಹೊಸ ನಿಯಮದ ಜೊತೆಗೇ ಹಳ್ಳಿಯ ಗ್ಯಾರೇಜಿಗೆ ತರಬೇತಿಯೂ ಸ್ಕ್ಯಾನರೂ ಬರಲಿ. ಡೆಸ್ಕಿನಲ್ಲಿ ಕೂತಿರುವ ಗೆಳೆಯರೇ, ನಿಮಗೊಂದು ವಿನಂತಿ: ಮುಂದಿನ ಸಲ ಇಂಥ ಸುದ್ದಿ ಬಂದಾಗ ಜಾಗ ಸಾಲದಿದ್ದರೆ ಫೆರಾರಿಯ ಫೋಟೋ ಸಣ್ಣದು ಮಾಡಿ. ಕೊನೆಯ ಪ್ಯಾರಾ ಉಳಿಸಿ.