ಶೀಸೆಯನ್ನು ಹಿಡಿಯುವ ಕೈ

ರಾಯಚೂರಿನ ಮಾರುಕಟ್ಟೆಯಲ್ಲಿ ಭತ್ತದ ಚೀಲಗಳ ಮುಂದೆ ನಿಂತ ವ್ಯಾಪಾರಿಯು ಒಂದು ಚೀಲದಿಂದ ಹಿಡಿ ಕಾಳನ್ನು ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಆ ಹಿಡಿಯ ಮೇಲೆಯೇ ಗಾಡಿಗಟ್ಟಲೆ ಮಾಲಿನ ಬೆಲೆಯು ನಿಶ್ಚಯವಾಗುತ್ತದೆ. ಅದನ್ನು ಚೀಲದ ಬಾಯಿಯಿಂದ ತೆಗೆದನೋ ತಳದಿಂದ ತೆಗೆದನೋ ಎಂಬುದರಿಂದ ರೈತನ ವರ್ಷದ ದುಡಿಮೆಯ ಫಲವು ಹೆಚ್ಚು ಕಡಿಮೆಯಾಗಬಹುದು. ಅನ್ನ ಬೆಂದಿತೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬ ಹಿರಿಯರ ಮಾತು ನಿಜ; ಆದರೆ ಆ ಅಗುಳು ಅದೇ ಪಾತ್ರೆಯದಾಗಿರಬೇಕು.

ಕಾಳಿನ ವಿಷಯದಲ್ಲಿಯೇ ಇಷ್ಟು ಎಚ್ಚರವು ಬೇಕಾದರೆ, ಮನುಷ್ಯನ ಉದ್ಯೋಗವನ್ನೇ ನಿರ್ಣಯಿಸುವ ಮಾದರಿಯ ವಿಷಯದಲ್ಲಿ ಎಷ್ಟು ಎಚ್ಚರವು ಬೇಕು? ಕೆಲಸಗಾರನು ಮಾದಕ ವಸ್ತುವನ್ನು ಸೇವಿಸಿರುವನೆ ಎಂದು ಅರಿಯಲು ಅವನ ಮೂತ್ರವನ್ನು ಪರೀಕ್ಷಿಸುವ ಪದ್ಧತಿಯು ಲೋಕದಲ್ಲಿ ಹಬ್ಬುತ್ತಿದೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂತಹ ಭಾರಿ ಯಂತ್ರಸ್ಥಾನ, ದೇವದುರ್ಗ ತಾಲ್ಲೂಕಿನ ಊಟಿಯ ಚಿನ್ನದ ಗಣಿ, ಮಾನ್ವಿಯ ಅಕ್ಕಿ ಗಿರಣಿಗಳಿಗೆ ಹಗಲಿರುಳು ಭತ್ತ ಸಾಗಿಸುವ ಲಾರಿಗಳು, ಇವುಗಳಲ್ಲಿ ಒಬ್ಬನ ಅಮಲು ಹತ್ತು ಜನರ ಪ್ರಾಣಕ್ಕೆ ಕುತ್ತಾಗಬಲ್ಲದು. ಆದುದರಿಂದ ಪರೀಕ್ಷೆಯೇ ಬೇಡವೆಂದು ನಾವು ಹೇಳುವುದಿಲ್ಲ. ನಾವು ಹೇಳುವುದಿಷ್ಟೆ: ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು ಶೀಸೆಯನ್ನು ಹಿಡಿಯುವ ಕೈಗೆ ಶಿಕ್ಷಣವನ್ನು ಕೊಡಿರಿ, ಶಿಕ್ಷಣ ಪಡೆದ ಕೈಗೆ ಪ್ರಮಾಣಪತ್ರವನ್ನು ಕೊಡಿರಿ, ಪ್ರಮಾಣಪತ್ರವಿಲ್ಲದ ಕೈಯಿಂದ ಬಂದ ಮಾದರಿಯ ಮೇಲೆ ಯಾರ ಅನ್ನವನ್ನೂ ಕಿತ್ತುಕೊಳ್ಳಬೇಡಿರಿ.

ಈ ಪದ್ಧತಿಯು ವ್ಯವಸ್ಥಿತ ರೂಪವನ್ನು ತಾಳಿದುದು ಅಮೆರಿಕದಲ್ಲಿ. 1986ರಲ್ಲಿ ಅಧ್ಯಕ್ಷ ರೇಗನ್ನರು ಸರ್ಕಾರಿ ನೌಕರರ ಪರೀಕ್ಷೆಗೆ ಆಜ್ಞೆಯನ್ನು ಹೊರಡಿಸಿದರು; 1988ರಲ್ಲಿ ಅದಕ್ಕೆ ವಿವರವಾದ ನಿಯಮಗಳಾದುವು; 1991ರ ಶಾಸನವು ರೈಲು, ಲಾರಿ, ವಿಮಾನ ಮೊದಲಾದವುಗಳ ಸಿಬ್ಬಂದಿಗೂ ಪರೀಕ್ಷೆಯನ್ನು ವಿಧಿಸಿತು. ನಮ್ಮ ದೇಶದಲ್ಲಿ ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ಇಂತಹ ಕಾನೂನಿಲ್ಲ. ವಿಮಾನಯಾನ ಇಲಾಖೆಯು ಮಾತ್ರ 2022ರ ಜನವರಿ 31ರಿಂದ ವಿಮಾನ ಚಾಲಕರು, ಸಂಚಾರ ನಿಯಂತ್ರಕರು ಮೊದಲಾದವರಲ್ಲಿ ಪ್ರತಿವರ್ಷ ಶೇಕಡಾ 10ರಷ್ಟು ಮಂದಿಯನ್ನು ಮುನ್ಸೂಚನೆಯಿಲ್ಲದೆ ಪರೀಕ್ಷಿಸುವ ನಿಯಮವನ್ನು ಜಾರಿಗೆ ತಂದಿತು. ರಸ್ತೆಯ ಮೇಲಿನ ಚಾಲಕನಿಗೆ 1988ರ ಮೋಟಾರು ವಾಹನ ಅಧಿನಿಯಮವಿದೆ. ಬಂಧಿತನಾದ ಚಾಲಕನು ರಕ್ತದ ಮಾದರಿಯನ್ನು ನೋಂದಾಯಿತ ವೈದ್ಯನಿಗೇ ಕೊಡತಕ್ಕದ್ದೆಂದು ಅದು ಹೇಳುತ್ತದೆ. ಎಂದರೆ, ಅಲ್ಲಿ ಶಾಸನವು ಕೈ ಯಾರದೆಂಬುದನ್ನು ನಿರ್ದೇಶಿಸಿದೆ. ಕಾರ್ಖಾನೆಯ ಬಾಗಿಲಿನಲ್ಲಿ ಹಿಡಿದ ಮೂತ್ರದ ಶೀಸೆಗೆ ಅಂತಹ ಕಾವಲಿಲ್ಲ.

ಶೀಸೆಯನ್ನು ತುಂಬಿಸಿ ಮುಚ್ಚುವುದರಲ್ಲಿ ಕಲಿಯತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಅಮೆರಿಕದ ಸಾರಿಗೆ ನಿಯಮಗಳನ್ನು ನೋಡಿದರೆ ಉತ್ತರವು ದೊರೆಯುತ್ತದೆ. ಅಲ್ಲಿ ಕನಿಷ್ಠ 45 ಮಿಲಿಲೀಟರ್ ಮೂತ್ರವನ್ನು ಪಡೆದು 30 ಮತ್ತು 15ರಂತೆ ಎರಡು ಶೀಸೆಗಳಿಗೆ ಹಂಚಬೇಕು. ಎರಡನೆಯದು ಫಲಿತಾಂಶವನ್ನು ಪ್ರಶ್ನಿಸುವವನ ರಕ್ಷಣೆಗಾಗಿ. ನಾಲ್ಕು ನಿಮಿಷಗಳೊಳಗೆ ಅದರ ಉಷ್ಣತೆಯನ್ನು ನೋಡಬೇಕು. ಅದು 32ರಿಂದ 38 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬೇಕು. ಶೌಚದ ನೀರಿಗೆ ನೀಲಿ ಬಣ್ಣವನ್ನು ಬೆರೆಸಿ, ನಲ್ಲಿಯನ್ನು ಕಟ್ಟಿಹಾಕಬೇಕು. ಮಾದರಿ ಕೊಟ್ಟವನ ಕಣ್ಣೆದುರಿಗೇ ಮೊಹರು ಹಾಕಿ, ಅದರ ಮೇಲೆ ಅವನ ಅಂಕಿತವನ್ನು ಪಡೆಯಬೇಕು. ಅಲ್ಲಿಂದ ಪ್ರಯೋಗಾಲಯದವರೆಗೆ ಅದು ಯಾರ ವಶದಲ್ಲಿತ್ತೆಂಬುದಕ್ಕೆ ತುಂಡಾಗದ ಸರಪಳಿಯಂತೆ ದಾಖಲೆಯಿರಬೇಕು.

ಇದನ್ನೆಲ್ಲ ಓದಿದ ಮಾತ್ರಕ್ಕೆ ಅಲ್ಲಿ ಯಾರೂ ಸಂಗ್ರಾಹಕರಾಗುವುದಿಲ್ಲ. ಪರಿಣತನೊಬ್ಬನ ಎದುರಿನಲ್ಲಿ ಐದು ಅಣಕು ಸಂಗ್ರಹಗಳನ್ನು ಒಂದೂ ತಪ್ಪಿಲ್ಲದೆ ಸಾಲಾಗಿ ಮಾಡಿ ತೋರಿಸಬೇಕು. ಅವುಗಳಲ್ಲಿ ಎರಡು ಸಾಮಾನ್ಯವಾದವು. ಮೂರನೆಯದರಲ್ಲಿ ಪ್ರಮಾಣವು ಸಾಲದು. ನಾಲ್ಕನೆಯದರಲ್ಲಿ ಉಷ್ಣತೆಯು ಸರಿಯಿಲ್ಲ. ಐದನೆಯದರಲ್ಲಿ ಕೆಲಸಗಾರನು ಅಂಕಿತ ಹಾಕಲು ಒಪ್ಪುವುದಿಲ್ಲ. ಐದು ವರ್ಷಗಳಿಗೊಮ್ಮೆ ಮರುಶಿಕ್ಷಣವಾಗಬೇಕು. ಸಂಗ್ರಾಹಕನ ತಪ್ಪಿನಿಂದ ಪರೀಕ್ಷೆಯೊಂದು ರದ್ದಾದರೆ ಮೂವತ್ತು ದಿನಗಳೊಳಗೆ ಆ ತಪ್ಪಿನ ವಿಷಯದಲ್ಲಿ ಮತ್ತೆ ಕಲಿಯಬೇಕು. ಎಲ್ಲವೂ ಸುಗಮವಾಗಿರುವಾಗ ಕೆಲಸ ಮಾಡುವುದನ್ನು ಯಾರಾದರೂ ಕಲಿಯಬಲ್ಲರು. ತೊಡಕು ಬಂದಾಗ ಏನು ಮಾಡಬೇಕೆಂಬುದೇ ಶಿಕ್ಷಣದ ತಿರುಳು.

ಆದರೆ ಈ ನಿಯಮಗಳನ್ನು ಹಾಗೆಯೇ ತಂದು ರಾಯಚೂರಿನಲ್ಲಿ ನೆಟ್ಟರೆ ಸಾಲದು. ಇಲ್ಲಿಯ ಬೇಸಗೆಯನ್ನು ಬಲ್ಲವರು ಮೇಲಿನ ಉಷ್ಣತೆಯ ಅಂಕಿಗಳನ್ನು ಓದಿ ಈಗಾಗಲೇ ನಕ್ಕಿರಬಹುದು. ಮೇ ತಿಂಗಳಲ್ಲಿ ಗಾಳಿಯ ಉಷ್ಣತೆಯು 42 ಡಿಗ್ರಿಯನ್ನು ಮುಟ್ಟುವ ಊರಿನಲ್ಲಿ, ಮಾಳಿಗೆಯ ಮೇಲಿನ ತೊಟ್ಟಿಯ ನೀರು ತಾನಾಗಿಯೇ ಮೈಬಿಸಿಯಷ್ಟು ಕಾದಿರುತ್ತದೆ. ತಂಪು ದೇಶದಲ್ಲಿ ಮೋಸವನ್ನು ಹಿಡಿದುಕೊಡುವ ಉಷ್ಣತೆಯ ಪಟ್ಟಿಯು ಇಲ್ಲಿ ನಲ್ಲಿಯ ನೀರನ್ನೇ ಮೂತ್ರವೆಂದು ಒಪ್ಪಿಬಿಡಬಹುದು. ಬಿಸಿಲಿನಲ್ಲಿಟ್ಟ ಬಟ್ಟಲಿನ ಪಟ್ಟಿಯು ಮಾದರಿಯನ್ನು ಹಾಕುವುದಕ್ಕೆ ಮೊದಲೇ ಏನನ್ನಾದರೂ ತೋರಿಸುತ್ತಿರಬಹುದು. ಸಂಗ್ರಾಹಕನು ನಿಯಮದ ಕಾರಣವನ್ನು ಬಲ್ಲವನಾದರೆ ಬಟ್ಟಲುಗಳನ್ನು ತಣ್ಣನೆಯ ಕೊಠಡಿಯಲ್ಲಿಡುತ್ತಾನೆ, ಕೊಠಡಿಯ ಉಷ್ಣತೆಯನ್ನೂ ಬರೆದಿಡುತ್ತಾನೆ. ಮಾದರಿಯಲ್ಲಿ ಕ್ರಿಯಾಟಿನಿನ್ ಎಂಬ ದೇಹಜನ್ಯ ಪದಾರ್ಥವು ಇದೆಯೇ ಎಂದು ಪ್ರಯೋಗಾಲಯವು ನೋಡುವುದೇ ಇಲ್ಲಿ ಹೆಚ್ಚು ನಂಬಿಕೆಯ ಕಾವಲೆಂಬುದನ್ನು ತಿಳಿದಿರುತ್ತಾನೆ. ಬರಿಯ ಅಂಕಿಯನ್ನು ಬಾಯಿಪಾಠ ಮಾಡಿದವನಿಗೆ ಇದು ಹೊಳೆಯದು.

ಬಿಸಿಲಿನಲ್ಲಿ ದುಡಿದು ಬೆವರಿದವನ ಮೂತ್ರವು ಸ್ವಲ್ಪವೂ ಗಾಢವೂ ಆಗಿರುತ್ತದೆ. 45 ಮಿಲಿಲೀಟರ್ ಕೊಡಲಾರದ ಗಣಿ ಕೆಲಸಗಾರನು ಪರೀಕ್ಷೆಯನ್ನು ನಿರಾಕರಿಸಿದನೆಂದು ಬರೆಯುವುದು ಅನ್ಯಾಯ. ಅವನಿಗೆ ಕುಡಿಯಲು ನೀರನ್ನು ಮಿತವಾಗಿ ಕೊಟ್ಟು ಮೂರು ಗಂಟೆಗಳವರೆಗೆ ಕಾಯಬೇಕೆಂದು ಅಮೆರಿಕದ ನಿಯಮವೇ ಹೇಳುತ್ತದೆ. ಅವಸರಪಟ್ಟು ಕೊಡಗಟ್ಟಲೆ ಕುಡಿಸಿದರೆ ಮಾದರಿಯು ತೆಳುವಾಗಿ, ಮೋಸ ಮಾಡಿದನೆಂಬ ಇನ್ನೊಂದು ಸಂಶಯಕ್ಕೆ ಅವನು ಗುರಿಯಾಗುವನು.

ಇದಕ್ಕಿಂತಲೂ ಗಂಭೀರವಾದುದು ಮಾದರಿಯು ದಾರಿಯಲ್ಲಿ ಕೆಡುವ ಸಂಗತಿ. ಮಧುಮೇಹಿಯ ಮೂತ್ರದಲ್ಲಿ ಸಕ್ಕರೆಯಿರುತ್ತದೆ. ಕೆಲವೊಮ್ಮೆ ಹುದುಗಿಸುವ ಶಿಲೀಂಧ್ರಗಳೂ ಸೇರಿರುತ್ತವೆ. ಇಂತಹ ಶೀಸೆಯನ್ನು ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಸ್ಸಿನ ಬಿಸಿಯಲ್ಲಿ ಕಳುಹಿಸಿ, ಮರುದಿನದವರೆಗೆ ಹೊರಗಿಟ್ಟರೆ, ಶೀಸೆಯೊಳಗೇ ಸಕ್ಕರೆಯು ಹುದುಗಿ ಮದ್ಯಸಾರವು ಹುಟ್ಟಬಲ್ಲದು. ಮದ್ಯಕ್ಕಾಗಿ ಮೂತ್ರವನ್ನು ಪರೀಕ್ಷಿಸುವ ಕಡೆಯಲ್ಲಿ, ಜನ್ಮದಲ್ಲಿ ಒಂದು ಹನಿಯನ್ನೂ ಮುಟ್ಟದ ಚಾಲಕನು ಕುಡುಕನೆಂದು ಸಿದ್ಧನಾಗುವನು! ಯಂತ್ರವು ಸುಳ್ಳು ಹೇಳಲಿಲ್ಲ. ಶೀಸೆಯಲ್ಲಿ ಮದ್ಯಸಾರವು ನಿಜವಾಗಿಯೂ ಇತ್ತು. ಸ್ವಲ್ಪ ಸೋಡಿಯಂ ಫ್ಲೋರೈಡನ್ನು ಬೆರೆಸಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳುಹಿಸಿದ್ದರೆ ಈ ಅನರ್ಥವು ತಪ್ಪುತ್ತಿತ್ತು. ರಕ್ತ ತೆಗೆಯುವಲ್ಲಿಯೂ ಹಾಗೆಯೇ: ಮದ್ಯದ ಪರೀಕ್ಷೆಗಾಗಿ ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಬಾರದೆಂಬುದು ಸಣ್ಣ ಮಾತು, ಅದನ್ನು ಅರಿಯದವನ ಅರಳೆಯುಂಡೆಯು ಮೊಕದ್ದಮೆಯನ್ನೇ ಕೆಡಿಸಬಹುದು.

ಇನ್ನು ಈ ಸೀಮೆಯ ಸ್ವಂತ ಪಿಡುಗಾದ ಸಿ.ಎಚ್. ಪುಡಿಯ ವಿಚಾರ. ಸೇಂದಿಗೆ ಕದ್ದು ಬೆರೆಸುವ ಈ ಪುಡಿಯು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ಇದನ್ನು ತಯಾರಿಸಿದನು. 1869ರಲ್ಲಿ ಲೀಬ್ರೈಖ್ ಎಂಬವನು ನಿದ್ರೌಷಧವೆಂದು ಬಳಕೆಗೆ ತಂದನು. ಪಾಶ್ಚಾತ್ಯರ ಸಾಮಾನ್ಯ ಪರೀಕ್ಷಾಪಟ್ಟಿಯಲ್ಲಿ ಗಾಂಜಾ, ಕೊಕೇನ್, ಅಫೀಮಿನ ವರ್ಗ ಮುಂತಾದವುಗಳುಂಟು. ಕ್ಲೋರಲ್ ಹೈಡ್ರೇಟ್ ಇಲ್ಲ. ಆ ಪಟ್ಟಿಯನ್ನೇ ನಂಬಿದರೆ ರಾಯಚೂರಿನಲ್ಲಿ ಇರುವ ವಿಷವನ್ನು ಬಿಟ್ಟು ಇಲ್ಲದ ವಿಷವನ್ನು ಹುಡುಕಿದಂತಾಗುತ್ತದೆ. ಅದನ್ನು ಹುಡುಕಲು ಹೊರಟರೂ ಎಚ್ಚರವು ಬೇಕು. ಕ್ಲೋರಲ್ ಹೈಡ್ರೇಟ್ ದೇಹದಲ್ಲಿ ಟ್ರೈಕ್ಲೋರೋ ಎಥನಾಲ್ ಮತ್ತು ಟ್ರೈಕ್ಲೋರೋ ಅಸಿಟಿಕ್ ಆಮ್ಲಗಳಾಗಿ ಮಾರ್ಪಟ್ಟು ಮೂತ್ರದಲ್ಲಿ ಹೊರಬೀಳುತ್ತದೆ. ಪಿರಿಡೀನ್ ಮತ್ತು ಕ್ಷಾರದೊಡನೆ ಕಾಯಿಸಿದರೆ ಕೆಂಬಣ್ಣವು ಬರುವ ಫುಜಿವಾರಾ ಪರೀಕ್ಷೆಯಿಂದ ಇದನ್ನು ಗುರುತಿಸಬಹುದು. ಆದರೆ ಯಂತ್ರಭಾಗಗಳ ಜಿಡ್ಡನ್ನು ತೊಳೆಯುವ ಟ್ರೈಕ್ಲೋರೋ ಎಥಿಲೀನ್ ದ್ರವದ ಆವಿಯನ್ನು ಉಸಿರಾಡಿದವನ ಮೂತ್ರದಲ್ಲಿಯೂ ಇವೇ ಪದಾರ್ಥಗಳು ಇರುತ್ತವೆ. ಸೇಂದಿಯನ್ನು ಕುಡಿದವನು ಯಾರು, ಯಜಮಾನನ ಕಾರ್ಯಾಗಾರದಲ್ಲಿ ವಿಷದ ಗಾಳಿಯನ್ನು ಕುಡಿದವನು ಯಾರು? ಬಣ್ಣವೊಂದೇ ಇದನ್ನು ಹೇಳಲಾರದು.

ಗಸಗಸೆ ಪಾಯಸವನ್ನು ಉಂಡವನ ಮೂತ್ರದಲ್ಲಿಯೂ ಅಫೀಮಿನ ಅಂಶವು ಕಾಣಬಹುದು. ಈ ಕಾರಣಕ್ಕಾಗಿಯೇ ಅಮೆರಿಕದವರು 1998ರಲ್ಲಿ ಅಫೀಮಿನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿದರು. ಫಲಿತಾಂಶಕ್ಕೆ ಅರ್ಥವನ್ನು ಹೇಳತಕ್ಕವನು ಕೆಲಸಗಾರನೊಡನೆ ಮಾತನಾಡಿದ ವೈದ್ಯ. ಮಾದರಿಯನ್ನು ಹಿಡಿದವನಲ್ಲ, ಸಂಬಳವನ್ನು ಕೊಡುವವನೂ ಅಲ್ಲ. ಈ ಎಲ್ಲೆಯನ್ನು ಅರಿಯುವುದೂ ಸಂಗ್ರಾಹಕನ ಶಿಕ್ಷಣದ ಭಾಗವೇ. ಶೀಸೆಯ ಬಣ್ಣವನ್ನು ಕಂಡು ಕ್ಯಾಂಟೀನಿನಲ್ಲಿ ಕಥೆ ಹೇಳುವವನು ಎಷ್ಟು ಚುರುಕಾಗಿದ್ದರೂ ಈ ಕೆಲಸಕ್ಕೆ ಅನರ್ಹನು. ನಮ್ಮ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದುದನ್ನು ಇಲ್ಲಿ ನೆನೆಯಬೇಕು.

ಶಿಕ್ಷಣವಿದ್ದರೆ ಸಾಲದೆ, ಪ್ರಮಾಣಪತ್ರವೇಕೆ ಎನ್ನುವವರಿಗೆ ಕ್ರೀಡಾಲೋಕದ ಒಂದು ಪ್ರಕರಣವು ಉತ್ತರವಾಗಿದೆ. 2018ರ ಸೆಪ್ಟೆಂಬರಿನಲ್ಲಿ ಚೀನದ ಈಜುಗಾರ ಸುನ್ ಯಾಂಗ್ ಅವರ ಮನೆಗೆ ಮಾದರಿ ಪಡೆಯಲು ಮೂವರು ಹೋದರು. ಅವರ ಬಳಿ ಸರಿಯಾದ ಅಧಿಕಾರಪತ್ರಗಳಿಲ್ಲವೆಂದು ಜಗಳವೆದ್ದು, ರಕ್ತದ ಮಾದರಿಯ ಪೆಟ್ಟಿಗೆಯು ಸುತ್ತಿಗೆಯ ಪೆಟ್ಟಿಗೆ ಒಡೆಯಿತು. ಈಜು ಸಂಸ್ಥೆಯ ಮಂಡಲಿಯು ಮೊದಲು ಅವರನ್ನು ನಿರ್ದೋಷಿಯೆಂದಿತು. 2020ರಲ್ಲಿ ಕ್ರೀಡಾ ನ್ಯಾಯಪೀಠವು ಎಂಟು ವರ್ಷಗಳ ಬಹಿಷ್ಕಾರವನ್ನು ವಿಧಿಸಿತು. ಆ ತೀರ್ಪೂ ರದ್ದಾಗಿ 2021ರಲ್ಲಿ ಅದು ನಾಲ್ಕು ವರ್ಷ ಮೂರು ತಿಂಗಳಿಗೆ ಇಳಿಯಿತು. ಸಂಗ್ರಾಹಕರ ಅರ್ಹತೆಯು ಸಂದೇಹಾತೀತವಾಗಿದ್ದರೆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಜಗತ್ಪ್ರಸಿದ್ಧನಿಗೆ ವಕೀಲರು ದೊರೆತರು. ಮಾನ್ವಿಯ ದಿನಗೂಲಿ ಹಮಾಲನಿಗೆ ಯಾರು ದೊರೆತಾರು?

ಆದುದರಿಂದ ನಮ್ಮ ಸಲಹೆಯಿದು. 2007ರಲ್ಲಿ ಸ್ಥಾಪಿತವಾದ ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಮಾದರಿ ಸಂಗ್ರಾಹಕರಿಗೆ ಒಂದು ಕಿರು ಶಿಕ್ಷಣಕ್ರಮವನ್ನು ಏರ್ಪಡಿಸಲಿ. ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗಳ ಪ್ರಯೋಗಶಾಲೆಯ ಸಿಬ್ಬಂದಿಯಿಂದಲೇ ಅದು ಮೊದಲಾಗಲಿ. ಪಾಠವು ಕನ್ನಡದಲ್ಲಿರಲಿ; ಮಾದರಿ ಕೊಡುವವನು ಅಂಕಿತ ಹಾಕುವ ಕಾಗದವೂ ಕನ್ನಡದಲ್ಲಿರಲಿ. ಐದು ಅಣಕು ಸಂಗ್ರಹಗಳೊಡನೆ ಆರನೆಯದೊಂದನ್ನು ನಾವೇ ಸೇರಿಸೋಣ: ನಡುಬೇಸಗೆಯ ಮಧ್ಯಾಹ್ನ, ವಿದ್ಯುತ್ತು ಹೋದಾಗ, ಮಾದರಿಯನ್ನು ತಂಪಾಗಿ ಕಾಪಾಡಿ ಜಿಲ್ಲಾ ಕೇಂದ್ರಕ್ಕೆ ಮುಟ್ಟಿಸುವುದು. ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿಯಿರಲಿ. ಕೆಲಸಗಾರನ ಮೇಲ್ವಿಚಾರಕನು ಎಂದಿಗೂ ಅವನ ಸಂಗ್ರಾಹಕನಾಗದಿರಲಿ. ಮೊದಲ ಬಾರಿ ಸಿಕ್ಕಿದವನನ್ನು ಚಿಕಿತ್ಸೆಗೆ ಕಳುಹಿಸುವುದೇ ನಿಯಮವಾಗಲಿ.

ಖರ್ಚಾಗುತ್ತದೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಸಣ್ಣ ಗಿರಣಿಯವನಿಗೆ ಇದು ಹೊರೆಯೇ ಸರಿ. ಹಾಗಾದರೆ ಹಲವು ಗಿರಣಿಗಳು ಕೂಡಿ ಒಬ್ಬ ಸಂಗ್ರಾಹಕನನ್ನು ತಾಲ್ಲೂಕು ಆಸ್ಪತ್ರೆಯಿಂದ ಕರೆಸಿಕೊಳ್ಳಲಿ. ಅದೂ ಆಗದಿದ್ದರೆ ಪರೀಕ್ಷೆಯನ್ನು ಕೈಬಿಡಲಿ. ಅರೆಬರೆ ಪರೀಕ್ಷೆಗಿಂತ ಪರೀಕ್ಷೆಯಿಲ್ಲದಿರುವುದು ಲೇಸು. ಪರೀಕ್ಷೆಯಿಲ್ಲದಾಗ ಮೇಲ್ವಿಚಾರಕನು ತೂರಾಡುವ ಚಾಲಕನನ್ನು ತನ್ನ ಕಣ್ಣಿನಿಂದ ಕಂಡಾದರೂ ತಡೆಯುತ್ತಾನೆ. ಕೆಟ್ಟ ಪರೀಕ್ಷೆಯಿದ್ದಾಗ ಕಾಗದವನ್ನು ನಂಬಿ ಕಣ್ಣನ್ನು ಮುಚ್ಚುತ್ತಾನೆ. ಪ್ರಮಾಣಪತ್ರಗಳು ಹಣಕ್ಕೆ ದೊರೆಯುವ ಕಾಲವಿದೆಂಬ ಮಾತೂ ಉಂಟು. ಅದಕ್ಕಾಗಿಯೇ ನಾವು ಕಾಗದದ ಪರೀಕ್ಷೆಯನ್ನು ಕೇಳದೆ, ಕಣ್ಣೆದುರಿನಲ್ಲಿ ಮಾಡಿ ತೋರಿಸುವ ಪರೀಕ್ಷೆಯನ್ನು ಕೇಳುತ್ತಿದ್ದೇವೆ.

ವಿಜ್ಞಾನದ ಘನತೆಯು ಪ್ರಯೋಗಾಲಯದ ಹೊಳೆಯುವ ಯಂತ್ರದಲ್ಲಿದೆಯೆಂದು ನಾವು ಭ್ರಮಿಸುತ್ತೇವೆ. ಯಂತ್ರವು ತನ್ನ ಬಾಯಿಗೆ ಬಿದ್ದುದನ್ನು ಮಾತ್ರ ಅಳೆಯಬಲ್ಲದು. ಅದು ಯಾರದು, ಎಂದು ತೆಗೆದುದು, ಎಷ್ಟು ಹೊತ್ತು ಬಿಸಿಲಿನಲ್ಲಿ ಬಿದ್ದಿತ್ತು ಎಂಬುದನ್ನು ಅದು ಅರಿಯದು. ಅದನ್ನು ಬಲ್ಲವನು ಶೀಸೆಯನ್ನು ಹಿಡಿದ ಮನುಷ್ಯನೊಬ್ಬನೇ. ಅವನನ್ನು ನಾವು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯುವ ಕಾಲವು ಬಂದಿದೆ.