ಸ್ಟ್ರೆಚರ್ ಹೊತ್ತ ಗುರು

ತೆಯಾರ್ ದ ಶಾರ್ದೆನ್ ಎಂಬ ಹೆಸರು ಕೇಳಿದೊಡನೆ ಓದುಬಲ್ಲ ಕಥೋಲಿಕರಿಗೆ ನೆನಪಾಗುವುದು ವಿಕಾಸವಾದ, ಪಳೆಯುಳಿಕೆಗಳ ಅಧ್ಯಯನ ಹಾಗೂ ಅವರ ಗ್ರಂಥಗಳನ್ನು ಕುರಿತು 1962ರಲ್ಲಿ ವ್ಯಾಟಿಕನ್ ನೀಡಿದ ಎಚ್ಚರಿಕೆ. ಗುರುಮಠಗಳಲ್ಲಿ ಈ ಚರ್ಚೆಗೆ ಕೊನೆಯೆಂಬುದಿಲ್ಲ. ಆದರೆ ಈ ಯೇಸುಸಭೆಯ ಗುರು ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ಸ್ಟ್ರೆಚರ್ ಹೊತ್ತರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನೆನೆಯಬೇಕೆಂಬುದೇ ನಮ್ಮ ಅಭಿಪ್ರಾಯ.

ಫ್ರಾನ್ಸಿನ ಅಂದಿನ ಕಾನೂನು ಗುರುಗಳಿಗೂ ಸೈನ್ಯಸೇವೆಯನ್ನು ವಿಧಿಸಿತ್ತು. ಗುರುವಾದವನು ಶಸ್ತ್ರ ಹಿಡಿಯುವುದಾದರೋ ಧರ್ಮಸಭೆಗೆ ಒಪ್ಪಿತವಲ್ಲ. ಈ ಇಕ್ಕಟ್ಟಿನಲ್ಲಿ ಅನೇಕರು ಬಂದೂಕನ್ನೇ ಹಿಡಿಯಬೇಕಾಯಿತು. ತೆಯಾರ್ ಅವರ ಪಾಲಿಗೆ ಸ್ಟ್ರೆಚರ್ ಬಂದಿತು. 1915ರ ಜನವರಿಯಲ್ಲಿ ಅವರು ಸೇರಿದ ಪಡೆಯಲ್ಲಿ ಉತ್ತರ ಆಫ್ರಿಕದ ಮುಸ್ಲಿಮ್ ಸೈನಿಕರು ಬಹುಮಂದಿ ಇದ್ದರು. ತಮ್ಮ ಸಾಧುಸಂತರಿಗೆ ಸಲ್ಲುವ ‘ಮರಬು’ ಎಂಬ ಪದವನ್ನೇ ಅವರು ಈ ಕ್ರೈಸ್ತ ಗುರುವಿಗೂ ಸಲ್ಲಿಸಿ, ‘ಸೀದಿ ಮರಬು’ ಎಂದು ಕರೆದರು. ಯಾವ ವಿಶ್ವವಿದ್ಯಾನಿಲಯವೂ ಕೊಡಲಾರದ ಬಿರುದಿದು! ಅಧಿಕಾರಿಯ ದರ್ಜೆಯ ಸೇನಾಗುರುವಿನ ಸ್ಥಾನ ಒದಗಿದಾಗ ತೆಯಾರ್ ಬೇಡವೆಂದರು. ಸಾಮಾನ್ಯ ಸೈನಿಕರ ನಡುವೆಯೇ ತಮ್ಮಿಂದ ಹೆಚ್ಚು ಪ್ರಯೋಜನವೆಂದು ಬಗೆದರು.

1916ರ ಆಗಸ್ಟ್ 18ರಂದು, ವೆರ್ದನ್ ರಣರಂಗದಲ್ಲಿ, ಶತ್ರುಗಳ ಸಾಲಿನಿಂದ ಸುಮಾರು ಇಪ್ಪತ್ತು ಮೀಟರ್ ದೂರದಲ್ಲಿ ಬಿದ್ದಿದ್ದ ಅಧಿಕಾರಿಯೊಬ್ಬನ ದೇಹವನ್ನು ಅವರು ತಮ್ಮವರ ಕಂದಕಕ್ಕೆ ಹೊತ್ತು ತಂದರು. ಆ ಅಧಿಕಾರಿ ಅದಾಗಲೇ ಮೃತನಾಗಿದ್ದನು.

ಇಲ್ಲಿ ಬುದ್ಧಿ ತಡೆಯುತ್ತದೆ. ಗಾಯಾಳುವಿಗಾಗಿ ಪ್ರಾಣವನ್ನು ಪಣವೊಡ್ಡುವುದು ಸರಿ, ಶವಕ್ಕಾಗಿ ಏಕೆ? ಹೊತ್ತವನು ಗುಂಡಿಗೆ ಬಲಿಯಾಗಿದ್ದರೆ, ಮರುದಿನ ಅವನಿಂದ ಬದುಕಬಹುದಾಗಿದ್ದ ಗಾಯಾಳುಗಳ ಗತಿಯೇನು? ಪ್ರಶ್ನೆ ಅಸಂಬದ್ಧವಲ್ಲ. ಆದರೆ ಆಜ್ಞೆಯಾದೊಡನೆ ಕಂದಕದಿಂದ ಮೇಲೇರಬೇಕಾದ ಸೈನಿಕನ ಎದೆಯಲ್ಲಿರುವುದು ಈ ಲೆಕ್ಕವಲ್ಲ. ತಾನು ಬಿದ್ದರೆ, ಇನ್ನು ಯಾವ ಕೆಲಸಕ್ಕೂ ಬಾರದವನಾಗಿ ಬಿದ್ದರೂ, ಯಾರಾದರೂ ಬರುವರೇ ಎಂಬುದನ್ನು ಅವನು ಅರಿಯಬಯಸುತ್ತಾನೆ. ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಮಕ್ಕಳು ಕಂಠಪಾಠ ಮಾಡುವ ಏಳು ಶಾರೀರಿಕ ದಯಾಕಾರ್ಯಗಳಲ್ಲಿ ಮೃತರನ್ನು ಮಣ್ಣುಮಾಡುವುದೂ ಒಂದು. ಹಸಿದವನಿಗೆ ಅನ್ನವಿಕ್ಕುವುದೂ ಅದೇ ಪಟ್ಟಿಯಲ್ಲಿದೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟ ಧರ್ಮಸಭೆಯು, ಉಪಯೋಗ ತೀರಿದ ಮಾತ್ರಕ್ಕೆ ಮನುಷ್ಯನ ದೇಹ ಬರಿಯ ವಸ್ತುವಾಗದೆಂದು ಬಲ್ಲದು.

ತೆಯಾರ್ ತಮ್ಮ ಮೊದಲ ತಾತ್ವಿಕ ಪ್ರಬಂಧಗಳನ್ನು ಬರೆದುದು ಈ ಯುದ್ಧಕಾಲದ ಬಿಡುವಿನ ದಿನಗಳಲ್ಲಿಯೇ. ಅವರ ಚಿಂತನೆಯಲ್ಲಿ ಕೇಡು ಮತ್ತು ಸಂಕಟಗಳಿಗೆ ತಕ್ಕ ತೂಕವಿಲ್ಲವೆಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಆಕ್ಷೇಪದಲ್ಲಿ ತಕ್ಕಮಟ್ಟಿನ ಹುರುಳಿದೆಯೆಂದೇ ನಾವೂ ಭಾವಿಸುತ್ತೇವೆ. ಆದರೆ ಸಂಕಟವನ್ನು ಅವರು ದೂರದಿಂದ ಕಂಡವರೆಂದು ಯಾರೂ ಹೇಳದಿರಲಿ.