ದೆಹಲಿಯ ಚಳಿಯೂ ನಮ್ಮ ತೆಂಗಿನ ಹಟವೂ

ದೆಹಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ, ಮನೆಯ ಮುಂದೆ ನಾಲ್ಕು ಅಡಿ ಮಣ್ಣು ಸಿಕ್ಕವರು ಮೊದಲು ನೆನೆಯುವುದು ತೆಂಗನ್ನು. ಊರಿನಿಂದ ರೈಲಿನಲ್ಲಿ ಸಸಿ ಹೊತ್ತು ತಂದವರುಂಟು. ಮೊಳಕೆಯೊಡೆದ ಕಾಯನ್ನೇ ಬಟ್ಟೆಯ ನಡುವೆ ಸುತ್ತಿಕೊಂಡು ಬಂದವರುಂಟು. ಆಷಾಢದ ಮಳೆಗೆ ನೆಟ್ಟ ಸಸಿ ದೀಪಾವಳಿಯವರೆಗೆ ಚೆನ್ನಾಗಿಯೇ ಬೆಳೆಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಗರಿಗಳ ತುದಿ ಕಂದುತ್ತದೆ. ಹೋಳಿಯ ಹೊತ್ತಿಗೆ ಸುಳಿಯನ್ನು ಹಿಡಿದೆಳೆದರೆ ಕೊಳೆತ ವಾಸನೆಯೊಡನೆ ಅದು ಕೈಗೇ ಬರುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೊಂದು ಸಸಿ, ಮತ್ತದೇ ಕಥೆ.

ಇದರಲ್ಲಿ ಹೋಗುವುದು ಒಂದು ಸಸಿಯ ಬೆಲೆ ಮಾತ್ರವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ವರ್ಷವರ್ಷವೂ ಒಣಗುವ ಸಸಿಯನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳು ‘ನಮ್ಮ ಕಡೆಯದು ಇಲ್ಲಿ ಬದುಕುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆ ತೀರ್ಮಾನ ತಪ್ಪು. ತಾಳೆಯ ಕುಟುಂಬದ ಮರಗಳು ದೆಹಲಿಯಲ್ಲಿ ಬದುಕುತ್ತವೆ. ಅವುಗಳಲ್ಲಿ ಒಂದು ಕರ್ನಾಟಕದ ಹಳ್ಳಹಳ್ಳದ ದಂಡೆಯಲ್ಲೂ ಬೆಳೆಯುವ ಮರವೇ. ನಾವು ಆರಿಸುವ ಮರ ಮತ್ತು ಆರಿಸುವ ರೀತಿ ಎರಡೂ ಬದಲಾಗಬೇಕು ಎಂಬುದೇ ಈ ಬರಹದ ವಾದ.

ಮೊದಲು ಚಳಿಯ ಲೆಕ್ಕ. ಜನವರಿಯಲ್ಲಿ ದೆಹಲಿಯ ಸರಾಸರಿ ಕನಿಷ್ಠ ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್. ಈ ಸರಾಸರಿಯನ್ನು ನಂಬಿ ಮರ ನೆಡುವವರು ಮೋಸಹೋಗುತ್ತಾರೆ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 1935ರ ಜನವರಿ 16ರಂದು ತಾಪಮಾನ ಸೊನ್ನೆಗಿಂತ 0.6 ಡಿಗ್ರಿ ಕೆಳಗಿಳಿದಿತ್ತು. 2006ರ ಜನವರಿ 8ರಂದು 0.2 ಡಿಗ್ರಿ, 2021ರ ಹೊಸವರ್ಷದ ದಿನ 1.1 ಡಿಗ್ರಿ, 2023ರ ಜನವರಿ 16ರಂದು 1.4 ಡಿಗ್ರಿ ದಾಖಲಾದವು. ಭೂಮಿ ಬಿಸಿಯಾಗುತ್ತಿದೆ, ಇನ್ನು ದೆಹಲಿಯಲ್ಲೂ ತೆಂಗು ಬೆಳೆಯಬಹುದು ಎನ್ನುವವರು ಈ ಕೊನೆಯ ಎರಡು ದಿನಾಂಕಗಳನ್ನು ಗಮನಿಸಬೇಕು. ಸರಾಸರಿ ಏರಿದರೂ ಮರದ ಆಯುಷ್ಯವನ್ನು ನಿರ್ಧರಿಸುವುದು ಹತ್ತು ವರ್ಷಗಳಲ್ಲಿ ಒಮ್ಮೆ ಬರುವ ಒಂದೆರಡು ರಾತ್ರಿಗಳೇ.

ಇನ್ನೊಂದು ಸೂಕ್ಷ್ಮವಿದೆ. ಹವಾಮಾನ ಕೇಂದ್ರದ ತಾಪಮಾಪಕ ನೆಲದಿಂದ ಆಳೆತ್ತರದಲ್ಲಿ, ಗಾಳಿಯಾಡುವ ಪೆಟ್ಟಿಗೆಯ ನೆರಳಿನಲ್ಲಿರುತ್ತದೆ. ಬಯಲಿನಲ್ಲಿ ಆಕಾಶಕ್ಕೆ ಮುಖಮಾಡಿ ನಿಂತ ಎಲೆ ಅದಕ್ಕಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಪಶ್ಚಿಮದಿಂದ ಬಂದ ಮೋಡಗಳು ಹಿಮಾಲಯದಲ್ಲಿ ಹಿಮ ಸುರಿಸಿ ಮುಂದೆ ಸಾಗಿದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ನಿಲ್ಲುತ್ತದೆ. ಅಂಥ ರಾತ್ರಿ ಮಾಪಕ 3 ಡಿಗ್ರಿ ತೋರಿಸುತ್ತಿದ್ದರೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಬಹುದು. ಇಲ್ಲಿನ ರೈತರು ಅದನ್ನು ‘ಪಾಲಾ’ ಎನ್ನುತ್ತಾರೆ. ಸಾಸಿವೆ, ಆಲೂಗಡ್ಡೆ ಬೆಳೆಯುವವರ ಮನೆಗಳಲ್ಲಿ ಈ ಮಾತು ಕೇಳಿದರೆ ನಿದ್ದೆ ಹಾರುತ್ತದೆ. ಕರಾವಳಿಯಿಂದಲೋ ತುಮಕೂರು, ಹಾಸನದ ತೋಟಗಳಿಂದಲೋ ಬಂದ ನಮಗೆ ಅಂಥ ಪದವೊಂದರ ಅಗತ್ಯ ಬಿದ್ದದ್ದೇ ಅಪರೂಪ.

ಹಾಗಾದರೆ ಬೇವು, ಸೀಬೆ, ನುಗ್ಗೆ ಇದೇ ಚಳಿಯನ್ನು ಹೇಗೆ ದಾಟುತ್ತವೆ? ಆ ಮರಗಳ ಕೊಂಬೆ ಸುಟ್ಟುಹೋದರೂ ಕಾಂಡದಲ್ಲಿ ಅಡಗಿದ ಹತ್ತಾರು ಮೊಗ್ಗುಗಳು ವಸಂತದಲ್ಲಿ ಚಿಗುರುತ್ತವೆ. ತೆಂಗಿನ ಜಾತಿಯ ಒಂಟಿಕಾಂಡದ ಮರಗಳಿಗೆ ಈ ಅನುಕೂಲವಿಲ್ಲ. ಇಡೀ ಮರಕ್ಕೆ ಒಂದೇ ಬೆಳವಣಿಗೆಯ ತುದಿ. ಅದು ನೆತ್ತಿಯಲ್ಲಿ, ಸುಳಿಯ ಬುಡದಲ್ಲಿದೆ. ಗರಿಗಳೆಲ್ಲ ಒಣಗಿದರೂ ಅದೊಂದು ಉಳಿದರೆ ಮರ ಉಳಿಯುತ್ತದೆ. ಗರಿಗಳೆಲ್ಲ ಹಸುರಾಗಿದ್ದು ಅದೊಂದು ಸತ್ತರೆ ಮರ ಸತ್ತಿತು. ಐನೂರು ವರ್ಷಗಳ ಹಿಂದೆ ಉತ್ತರ ಹಿಂದೂಸ್ತಾನದ ಗಿಡಮರಗಳನ್ನು ಕುತೂಹಲದಿಂದ ಗಮನಿಸಿದ ಬಾಬರ್ ತನ್ನ ಆತ್ಮಕಥನದಲ್ಲಿ ಖರ್ಜೂರವನ್ನು ಪ್ರಾಣಿಗೆ ಹೋಲಿಸುವ ಜನರ ಮಾತನ್ನು ದಾಖಲಿಸಿದ್ದಾನೆ: ತಲೆ ಕಡಿದರೆ ಪ್ರಾಣಿ ಸಾಯುವಂತೆ ಈ ಮರವೂ ಸಾಯುತ್ತದೆ ಎಂಬುದು ಒಂದು ಹೋಲಿಕೆ, ಗಂಡಿನ ಸಂಪರ್ಕವಿಲ್ಲದೆ ಹೆಣ್ಣುಮರ ಒಳ್ಳೆಯ ಫಲ ಕೊಡದು ಎಂಬುದು ಇನ್ನೊಂದು. ಎರಡೂ ಸಸ್ಯಶಾಸ್ತ್ರ ಒಪ್ಪುವ ಮಾತುಗಳೇ.

ಚಳಿಯ ಪೆಟ್ಟು ತಿಂದ ಸುಳಿ ಕೂಡಲೇ ಬಾಡುವುದಿಲ್ಲ. ಒಡೆದ ಜೀವಕೋಶಗಳ ಮೂಲಕ ಶಿಲೀಂಧ್ರ ಒಳಹೊಕ್ಕು ನಿಧಾನವಾಗಿ ಕೊಳೆಸುತ್ತದೆ. ಆದ್ದರಿಂದ ಜನವರಿಯಲ್ಲಿ ಬಿದ್ದ ಪೆಟ್ಟು ಮಾರ್ಚಿನಲ್ಲಿ ಕಾಣಿಸಿಕೊಳ್ಳುತ್ತದೆ, ನಾವು ಬಿಸಿಲನ್ನೋ ನೀರನ್ನೋ ದೂರುತ್ತೇವೆ. ನಮ್ಮ ತೋಟಗಾರರು ಮಳೆಗಾಲದಲ್ಲಿ ಸುಳಿಕೊಳೆ ಎಂದು ಹೆದರುವ ಕಾಯಿಲೆಗೆ ಇಲ್ಲಿ ಚಳಿಗಾಲ ಬಾಗಿಲು ತೆರೆಯುತ್ತದೆ.

ಇನ್ನು ಮರಗಳ ಆಯ್ಕೆ. ತೆಂಗಿಗೆ ಬೇಕಾದದ್ದು ವರ್ಷವಿಡೀ ಸುಮಾರು 27 ಡಿಗ್ರಿಯ ಹದವಾದ ಬೆಚ್ಚನೆ, ತೇವಭರಿತ ಗಾಳಿ. ದೆಹಲಿ ಜನವರಿಯಲ್ಲಿ ಅದನ್ನು ಕೊರೆಯುತ್ತದೆ, ಮೇ ತಿಂಗಳಲ್ಲಿ ಲೂ ಗಾಳಿಯಿಂದ ಒಣಗಿಸುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಮರೆಯಲ್ಲಿ ಅಲ್ಲೊಂದು ಇಲ್ಲೊಂದು ತೆಂಗು ಬದುಕಿ ಉಳಿಯಬಹುದು. ಹಗಲಿನ ಬಿಸಿಲನ್ನು ಹೀರಿದ ಗೋಡೆ ರಾತ್ರಿ ಅದಕ್ಕೆ ಕಂಬಳಿಯಾಗುತ್ತದೆ. ಅದು ಗೋಡೆಯ ಪುಣ್ಯ. ಅದನ್ನು ತೋರಿಸಿ ಬಯಲಿನಲ್ಲಿ ನೆಡುವವರಿಗೆ ಧೈರ್ಯ ಹೇಳುವುದು ಸಲ್ಲದು.

ಅಡಿಕೆಯ ವಿಷಯದಲ್ಲಿ ಇನ್ನೊಂದು ತಮಾಷೆಯಿದೆ. ಇಲ್ಲಿನ ನರ್ಸರಿಗಳಲ್ಲಿ ‘ಅರೇಕಾ ಪಾಮ್’ ಎಂದು ಮಾರುವ ಗಿಡ ನಮ್ಮ ಅಡಿಕೆಯಲ್ಲ. ಮಡಗಾಸ್ಕರ್ ಮೂಲದ, ಬುಡದಿಂದ ಗುಂಪುಗುಂಪಾಗಿ ಮೇಲೇಳುವ ಅಲಂಕಾರದ ಗಿಡ. ಹಿಂಗಾರದ ಆಸೆಯಿಂದ ಅದನ್ನು ಕೊಂಡುತಂದವರು ಎಷ್ಟು ವರ್ಷ ಕಾದರೂ ಪೂಜೆಗೆ ಹಿಂಗಾರ ಸಿಗದು. ನಿಜವಾದ ಅಡಿಕೆ 14ರಿಂದ 36 ಡಿಗ್ರಿಯ ನಡುವೆ ನೆಮ್ಮದಿಯಾಗಿರುವ ಮರ. ದೆಹಲಿ ಆ ಗೆರೆಯನ್ನು ಎರಡೂ ಕಡೆ ದಾಟುತ್ತದೆ.

ಚಳಿಯನ್ನು ತಾಳುವುದೇ ಮುಖ್ಯವೆಂದರೆ ಕುಮಾವೂನಿನ ಬೆಟ್ಟಗಳಲ್ಲಿ, ಪಿಥೋರಾಗಢದ ಸುತ್ತಲಿನ ಎತ್ತರಗಳಲ್ಲಿ ಹಿಮದಲ್ಲೇ ಬೆಳೆಯುವ ತಾಳೆಯೊಂದಿದೆ. ಇಟಲಿಯ ಸಸ್ಯಶಾಸ್ತ್ರಜ್ಞ ಬೆಕ್ಕಾರಿ 1905ರಲ್ಲಿ ಅದಕ್ಕೆ ‘ಟ್ರಾಕಿಕಾರ್ಪಸ್ ಟಾಕಿಲ್’ ಎಂದು ಅಲ್ಲಿನ ಬೆಟ್ಟದ ಹೆಸರನ್ನೇ ಇಟ್ಟ. ತಾಳೆಯೆಂದರೆ ಕಡಲ ತೀರದ ಮರ ಎಂಬ ನಮ್ಮ ಕಲ್ಪನೆಯನ್ನು ತಿದ್ದಲು ಈ ಒಂದು ಮರ ಸಾಕು. ಆದರೆ ಅದು ಬೆಟ್ಟದ ತಂಪಿಗೆ ಒಗ್ಗಿದ್ದು. ಬಯಲಿನ ಬೇಸಿಗೆ ಅದಕ್ಕೆ ಕಷ್ಟ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ, ಚಳಿಯನ್ನೂ ಲೂವನ್ನೂ ಸವುಳು ನೀರನ್ನೂ ತಾಳಿ ನಿಲ್ಲುವ ಮರ ಈಚಲು. ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದ ರಾತ್ರಿಯನ್ನೂ ಬೆಳೆದ ಈಚಲು ದಾಟಬಲ್ಲದು. ಅದರ ಹತ್ತಿರದ ಬಂಧು ಖರ್ಜೂರ ಪಂಜಾಬಿನ ಅಬೋಹರ್, ರಾಜಸ್ಥಾನದ ಬಿಕಾನೇರ್‌ನಂಥ, ಚಳಿಗಾಲದಲ್ಲಿ ಕೊರೆಯುವ ಊರುಗಳಲ್ಲಿ ತೋಟದ ಬೆಳೆಯಾಗಿದೆ. ಯಮುನೆಯ ಆಚೆಯ ಖಜೂರಿ ಖಾಸ್ ತನ್ನ ಹೆಸರಿನಲ್ಲೇ ಈ ಮರವನ್ನು ಹೊತ್ತಿದೆ. ಮರ ಇಲ್ಲಿಯದೂ ಹೌದು, ನಮ್ಮದೂ ಹೌದು.

ಆದರೂ ಕನ್ನಡಿಗರ ಅಂಗಳದಲ್ಲಿ ಈಚಲಿಗೆ ಜಾಗವಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ; ‘ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ’ ಎಂಬ ಗಾದೆ ಸಾಕು. ಹೆಂಡದ ಮರವೆಂಬ ಅಪವಾದ ಅದಕ್ಕೆ ಅಂಟಿಕೊಂಡಿದೆ. ತೆಂಗಿನಿಂದಲೂ ಹೆಂಡ ಇಳಿಸುತ್ತಾರೆಂಬುದನ್ನು ಮರೆತು ಒಂದಕ್ಕೆ ಕಲ್ಪವೃಕ್ಷದ ಪಟ್ಟ ಕಟ್ಟಿದೆವು, ಇನ್ನೊಂದನ್ನು ಊರ ಹೊರಗಿಟ್ಟೆವು. ಈಚಲ ಚಾಪೆಯ ಮೇಲೆ ಮಲಗಿ, ಈಚಲ ಪೊರಕೆಯಿಂದ ಅಂಗಳ ಗುಡಿಸಿ ಬೆಳೆದವರು ನಾವೇ. ಬಂಗಾಳಿಗಳನ್ನು ನೋಡಿ. ಅವರಿಗೆ ಇದೇ ಮರ ಹಬ್ಬದ ಮರ. ಚಳಿಗಾಲದ ರಾತ್ರಿ ಇಳಿಸಿದ ಇದರ ರಸದಿಂದಲೇ ನೊಲೆನ್ ಬೆಲ್ಲ ತಯಾರಾಗುತ್ತದೆ. ಆ ಬೆಲ್ಲಕ್ಕಾಗಿ ಚಿತ್ತರಂಜನ್ ಪಾರ್ಕಿನ ಮಿಠಾಯಿ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ನಮ್ಮ ತೆಂಗನ್ನು ಕೊಲ್ಲುವ ಚಳಿಯೇ ಈ ಮರ ಸಿಹಿಯಾಗುವ ಕಾಲ.

ಈಚಲನ್ನು ಹೊಗಳುವ ಭರದಲ್ಲಿ ಬೀದಿಬೀದಿಗೂ ಅದನ್ನೇ ನೆಡಿ ಎನ್ನುವುದು ನಮ್ಮ ಉದ್ದೇಶವಲ್ಲ. ದಾರಿಹೋಕನಿಗೆ ನೆರಳು ಕೊಡದ ಮರವೆಂದು ಕಬೀರರು ಖಜೂರವನ್ನು ಮೂದಲಿಸಿದ್ದು ಉತ್ತರ ಭಾರತದ ಮಕ್ಕಳಿಗೆಲ್ಲ ಗೊತ್ತು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಊರಿನಲ್ಲಿ ಬೀದಿಗೆ ಬೇಕಾದದ್ದು ನೆರಳು. ನವದೆಹಲಿಯನ್ನು ಕಟ್ಟಿದವರು ರಸ್ತೆಗಳ ಬದಿಗೆ ನೇರಳೆ, ಬೇವು, ಹುಣಸೆ, ಅರ್ಜುನ ಮರಗಳನ್ನು ಆರಿಸಿದ್ದರಿಂದಲೇ ಇಂದಿಗೂ ಅಲ್ಲಿ ಕಾಲ್ನಡಿಗೆ ಸಾಧ್ಯವಾಗಿದೆ. ಇತ್ತೀಚಿನ ಬಡಾವಣೆಗಳೂ ಮಾಲ್‌ಗಳೂ ಹೆಬ್ಬಾಗಿಲಿನಿಂದ ಒಳಗಿನವರೆಗೆ ಸಾಲಾಗಿ ನಿಲ್ಲಿಸುವುದು ಕ್ಯೂಬಾ ಕಡೆಯ ರಾಯಲ್ ಪಾಮ್ ಅನ್ನು. ಅದು ನೆರಳನ್ನೂ ಕೊಡದು, ಗಟ್ಟಿ ಚಳಿಯನ್ನೂ ತಾಳದು, ನೀರನ್ನು ಮಾತ್ರ ಬೇಡುತ್ತದೆ. ನಿವಾಸಿಗಳ ಸಂಘದ ಸಭೆಯಲ್ಲಿ ಇಂಥ ಪ್ರಸ್ತಾಪ ಬಂದಾಗ ನಮ್ಮವರು ‘ಊರಿನ ಹಾಗೆ ಕಾಣುತ್ತದೆ’ ಎಂದು ಕೈಯೆತ್ತುವುದನ್ನು ನಿಲ್ಲಿಸಬೇಕು. ಬೀದಿಗೆ ನೆರಳಿನ ಮರ, ಅಂಗಳದ ಮೂಲೆಗೆ ಒಂದು ಈಚಲು: ಇದು ನ್ಯಾಯವಾದ ಹಂಚಿಕೆ.

ನೆಟ್ಟ ಮೇಲೆ ಕಾಯುವುದೂ ಕಲಿಯಬೇಕಾದ ಕೆಲಸ. ಎಳೆಯ ಈಚಲಿಗೂ ಮೊದಲ ಎರಡು ಮೂರು ಚಳಿಗಾಲ ಆಸರೆ ಬೇಕು. ಫೆಬ್ರವರಿ ಕೊನೆಗೋ ಮಳೆಯ ಮೊದಲ ವಾರಗಳಲ್ಲೋ ನೆಟ್ಟರೆ ಚಳಿ ಬರುವ ಮುನ್ನ ಬೇರು ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ನೆಡುವುದು ಸಸಿಯನ್ನು ಸಾವಿಗೆ ಒಪ್ಪಿಸಿದಂತೆ. ಮಳೆಗಾಲ ಮುಗಿದ ಮೇಲೆ ಯೂರಿಯಾ ಹಾಕಬಾರದು; ಆಗ ಬರುವ ಎಳೆಯ ಗರಿಯೇ ಚಳಿಗೆ ಮೊದಲ ತುತ್ತು. ಬುಡಕ್ಕೆ ಒಣ ಎಲೆಯ ದಪ್ಪ ಹೊದಿಕೆ ಇರಲಿ. ತಿಳಿ ಆಕಾಶದ ಕಡುಚಳಿಯ ಮುನ್ಸೂಚನೆ ಬಂದ ದಿನ ಹಗಲಲ್ಲೇ ಮಣ್ಣಿಗೆ ನೀರುಣಿಸಬೇಕು. ತೇವದ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ನೆತ್ತಿಗೆ ಮಾತ್ರ ನೀರು ಬೀಳಬಾರದು. ಸಂಜೆ ಗರಿಗಳನ್ನು ಮೇಲಕ್ಕೆ ಕೂಡಿಸಿ ಸಡಿಲವಾಗಿ ಕಟ್ಟಿ ಗೋಣಿತಾಟು ಸುತ್ತಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ಬಿಚ್ಚಬೇಕು. ಪ್ಲಾಸ್ಟಿಕ್ ಹಾಳೆ ಬೇಡ. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಾಳ್ಮೆ. ಚಳಿಗೆ ಕಂದಿದ ಗರಿಯನ್ನು ಕಂಡ ಕೂಡಲೇ ಮಾಲಿಯನ್ನು ಕರೆದು ಕಡಿಸುವ ಅಭ್ಯಾಸ ನಮ್ಮ ಕಾಲನಿಗಳಲ್ಲಿದೆ. ಸತ್ತಂತೆ ಕಾಣುವ ಆ ಗರಿಗಳೇ ಸುಳಿಗೆ ಮುಂದಿನ ಚಳಿಯಿಂದ ರಕ್ಷಣೆ. ಚಳಿ ಪೂರ್ತಿ ಹೋಗುವವರೆಗೆ ಅವನ್ನು ಮುಟ್ಟಬಾರದು. ಸುಳಿ ಕೊಳೆಯುವ ಸೂಚನೆಯಿದ್ದರೆ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚಿರಪರಿಚಿತವಾದ ಬೋರ್ಡೋ ದ್ರಾವಣದಂಥ ತಾಮ್ರದ ಔಷಧಿಯನ್ನು ಸುಳಿಗೆ ಬಿಡಬಹುದು. ಮರ ಸತ್ತಿತೆಂಬ ತೀರ್ಪನ್ನು ಮಳೆಗಾಲದ ಮುನ್ನ ಕೊಡಬಾರದು.

ಸರ್ಕಾರಿ ವಸತಿಗೃಹಗಳಲ್ಲಿರುವ ನಮ್ಮಂಥವರಿಗೆ ಇನ್ನೊಂದು ಮಾತು. ನಾಲ್ಕು ವರ್ಷಕ್ಕೆ ವರ್ಗಾವಣೆಯಾಗಿ ಹೋಗುವವರು ಮರ ನೆಟ್ಟೇನು ಫಲ ಎಂಬ ಪ್ರಶ್ನೆಯನ್ನು ನಾವೆಲ್ಲ ಕೇಳಿಕೊಂಡಿದ್ದೇವೆ. ಈಚಲು ನಿಧಾನವಾಗಿ ಬೆಳೆಯುವ ಮರ. ನೆಟ್ಟವರು ಅದರ ಹಣ್ಣು ಕಾಣುವುದು ಅಪರೂಪ. ಆದರೆ ಮನೆ ಬಿಡುವಾಗ ಮೀಟರಿನ ಅಂಕಿಯನ್ನೂ ಬೀಗದ ಕೈಗಳನ್ನೂ ಮುಂದಿನವರಿಗೆ ಒಪ್ಪಿಸುತ್ತೇವಲ್ಲ, ಅದರ ಜೊತೆಗೆ ‘ಇದು ಖಜೂರ, ಜನವರಿಯಲ್ಲಿ ಗೋಣಿ ಸುತ್ತಿ, ಗರಿ ಕಡಿಸಬೇಡಿ’ ಎಂದು ಹಿಂದಿಯಲ್ಲಿ ಎರಡು ಸಾಲು ಬರೆದಿಟ್ಟರೆ ಮರ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಭಾರತೀಯ ಅರಣ್ಯ ಕಾಯ್ದೆ 1927ರಲ್ಲಿ ‘ಮರ’ ಎಂಬ ಪದದ ವ್ಯಾಖ್ಯೆಯಲ್ಲಿ ತಾಳೆಯ ಜಾತಿಯನ್ನು ಹೆಸರಿಸಿಯೇ ಸೇರಿಸಿದ್ದಾರೆ. 2017ರಲ್ಲಿ ಬಿದಿರನ್ನು ಆ ಪಟ್ಟಿಯಿಂದ ತೆಗೆದರೂ ತಾಳೆಯನ್ನು ತೆಗೆಯಲಿಲ್ಲ. ಕಾನೂನು ಮರವೆಂದು ಒಪ್ಪಿದ್ದನ್ನು ಅಲಂಕಾರದ ಕುಂಡದಂತೆ ವರ್ಷಕ್ಕೊಮ್ಮೆ ಬದಲಿಸುವುದು ನಮಗೆ ಒಪ್ಪುವ ನಡತೆಯಲ್ಲ.

ನಮ್ಮ ಸಂಘಗಳು ರಾಜ್ಯೋತ್ಸವದ ಸಂದರ್ಭದಲ್ಲಿ ಸಸಿ ನೆಡುತ್ತವೆ. ನವೆಂಬರ್ ತಿಂಗಳು ದೆಹಲಿಯಲ್ಲಿ ತಾಳೆಯ ಜಾತಿಯ ಸಸಿ ನೆಡಲು ಯೋಗ್ಯವಲ್ಲ. ಅಂದು ಭಾಷಣ ಮಾಡೋಣ. ಸಸಿಯನ್ನು ಯುಗಾದಿಗೆ ಮುನ್ನ ನೆಡೋಣ, ತೆಂಗಿನ ಬದಲು ಈಚಲನ್ನು ನೆಡೋಣ. ತೆಂಗಿನಕಾಯಿ ಬೇಕಾದರೆ ಐಎನ್‌ಎ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ.